ಪೀಪಾಯಿಯ ವಿಳಾಸ

ಕೆಂಟಕಿಯಲ್ಲಿ ವಿಸ್ಕಿಯ ಗೋದಾಮು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸುತ್ತಲಿನ ಮರಗಳ ತೊಗಟೆ ನೋಡಿದರೆ ಸಾಕು. ಮಸಿಗಪ್ಪಾದ ಕಾಂಡಗಳು, ಕಪ್ಪಡರಿದ ಬೇಲಿ, ಗೋಡೆಯ ಮೇಲೆ ಉದ್ದಕ್ಕೂ ಇಳಿದ ಕಪ್ಪು ಗೆರೆಗಳು. ಇದು ಬಾಡೋಯಿನಿಯಾ ಎಂಬ ಶಿಲೀಂಧ್ರದ ಕೆಲಸ. ಪೀಪಾಯಿಗಳಿಂದ ಆವಿಯಾಗಿ ಹೊರಬರುವ ಮದ್ಯಸಾರವೇ ಅದಕ್ಕೆ ಆಹಾರ. ಭಟ್ಟಿಯವರು ಈ ನಷ್ಟಕ್ಕೆ ದೇವತೆಗಳ ಪಾಲು ಎನ್ನುತ್ತಾರೆ. ಆ ಪಾಲು ಎಷ್ಟು ಹೋಗುತ್ತಿದೆ ಎಂಬುದಕ್ಕೆ ಈ ಕಪ್ಪು ಮರಗಳೇ ಸಾಕ್ಷಿ. ಲೂಯಿವಿಲ್ ನಗರದಿಂದ ಪೂರ್ವಕ್ಕೆ ಸುಮಾರು 85 ಕಿ.ಮೀ. ಹೋದರೆ ರಾಜ್ಯದ ರಾಜಧಾನಿ ಫ್ರಾಂಕ್‌ಫರ್ಟ್. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಅರ್ಧ ಗಂಟೆಯಲ್ಲಿ ಲಾರೆನ್ಸ್‌ಬರ್ಗ್. ಇನ್ನೂ ನೈಋತ್ಯಕ್ಕೆ ಬಾರ್ಡ್ಸ್‌ಟೌನ್. ಈ ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ, ಅಲ್ಲಿ ಮಾಗುತ್ತಿರುವ ಪೀಪಾಯಿಗಳು ಒಂದು ಕೋಟಿಗೂ ಹೆಚ್ಚು. ಅಷ್ಟರಲ್ಲಿ ಒಂದನ್ನು ಆರಿಸಿ, ಬೇರೆ ಯಾವುದರ ಜೊತೆಗೂ ಬೆರೆಸದೆ ಬಾಟಲಿಗೆ ಇಳಿಸಿದ್ದು ಸಿಂಗಲ್ ಬ್ಯಾರೆಲ್ ಬರ್ಬನ್. ಅದನ್ನು ರುಚಿ ನೋಡಿ ಅಳೆಯುವುದು ಹೇಗೆ? ಬ್ರ್ಯಾಂಡಿನ ಹೆಸರು ಹಿಡಿದು ನೂರಕ್ಕೆ ಇಷ್ಟು ಎಂದು ಅಂಕ ಹಾಕುವ ರೂಢಿ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ ಎಂಬುದು ನನ್ನ ವಾದ. ತೂಗಬೇಕಾದದ್ದು ಆ ಒಂದು ಪೀಪಾಯಿಯನ್ನು, ಅದು ಮಲಗಿದ್ದ ಜಾಗದ ಸಮೇತ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಬರ್ಬನ್ ಎನಿಸಿಕೊಳ್ಳಬೇಕಾದರೆ ಅಮೆರಿಕದಲ್ಲೇ ತಯಾರಾಗಿರಬೇಕು. ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು. ಭಟ್ಟಿಯಿಂದ ಇಳಿಯುವಾಗ ಮದ್ಯಸಾರ ಶೇ. 80ನ್ನೂ ಪೀಪಾಯಿಗೆ ತುಂಬುವಾಗ ಶೇ. 62.5ನ್ನೂ ಮೀರಬಾರದು; ಬಾಟಲಿಯಲ್ಲಿ ಶೇ. 40ಕ್ಕಿಂತ ಇಳಿಯಬಾರದು. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಪೀಪಾಯಿಯದು: ಅದು ಹೊಸ ಓಕ್ ಮರದ್ದಾಗಿರಬೇಕು, ಒಳಮೈ ಸುಟ್ಟಿರಬೇಕು. ಒಮ್ಮೆ ಬಳಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಹೀಗಾಗಿ ಬರ್ಬನ್‌ನ ಬಣ್ಣವೆಲ್ಲ ಮರದಿಂದ ಬಂದದ್ದು, ರುಚಿಯಲ್ಲೂ ದೊಡ್ಡ ಪಾಲು ಮರದ್ದೇ. ಬೆಂಕಿಗೆ ಒಡ್ಡಿದ ಓಕ್‌ನ ಲಿಗ್ನಿನ್ ಒಡೆದು ವೆನಿಲಾದ ಕಂಪು ಕೊಡುತ್ತದೆ, ಹೆಮಿಸೆಲ್ಯುಲೋಸ್ ಸುಟ್ಟ ಸಕ್ಕರೆಯಾಗುತ್ತದೆ, ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ವಾಸನೆ, ಯೂಜಿನಾಲ್‌ನಿಂದ ಲವಂಗ, ಟ್ಯಾನಿನ್‌ನಿಂದ ಒಗರು. ಒಂದು ಪೀಪಾಯಿಯಲ್ಲಿ ಮೂವತ್ತರ ಆಸುಪಾಸು ಹಲಗೆಗಳಿರುತ್ತವೆ; ಅವು ಒಂದೇ ಮರದಿಂದ ಬಂದಿರಬೇಕೆಂದಿಲ್ಲ, ಬಂದರೂ ಬುಡದ ಹಲಗೆ ಬೇರೆ, ತುದಿಯ ಹಲಗೆ ಬೇರೆ. ಸುಮಾರು 200 ಲೀಟರ್ ಹಿಡಿಯುವ ಎರಡು ಪೀಪಾಯಿಗಳನ್ನು ಒಂದೇ ದಿನ, ಒಂದೇ ತೊಟ್ಟಿಯಿಂದ ತುಂಬಿಸಿದರೂ ಅವು ಆ ಗಳಿಗೆಯಿಂದಲೇ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ ಕಾನೂನು ‘ಸಿಂಗಲ್ ಬ್ಯಾರೆಲ್’ ಎಂಬ ಮಾತಿಗೆ ಮಾತ್ರ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿಲ್ಲ. ಅದರ ಅರ್ಥವನ್ನು ಭಟ್ಟಿಗಳೇ ಕಟ್ಟಿಕೊಂಡು ಬಂದಿವೆ. ಆ ಕಟ್ಟುವಿಕೆ ಶುರುವಾದದ್ದು ಫ್ರಾಂಕ್‌ಫರ್ಟ್‌ನಲ್ಲಿ.

ಕೆಂಟಕಿ ನದಿಯ ದಂಡೆಯಲ್ಲಿ ಇಂದು ಬಫಲೋ ಟ್ರೇಸ್ ಎಂದು ಕರೆಸಿಕೊಳ್ಳುವ ಭಟ್ಟಿಯ ಆವರಣದಲ್ಲಿ ಹೆಚ್ಚಿನ ಗೋದಾಮುಗಳು ದಪ್ಪ ಇಟ್ಟಿಗೆಯವು. ನಡುವೆ ‘ಎಚ್’ ಗೋದಾಮು ಒಂದಕ್ಕೆ ಮಾತ್ರ ತಗಡಿನ ಹೊದಿಕೆ. ಮದ್ಯನಿಷೇಧ 1933ರಲ್ಲಿ ತೆರವಾದ ಮೇಲೆ ಪೀಪಾಯಿಗಳಿಗೆ ಜಾಗ ಸಾಲದೆ 1935ರಲ್ಲಿ ತರಾತುರಿಯಲ್ಲಿ ಎಬ್ಬಿಸಿದ ಕಟ್ಟಡ ಅದು. ತಗಡು ಹೊರಗಿನ ಬಿಸಿಲನ್ನೂ ಚಳಿಯನ್ನೂ ಬೇಗ ಒಳಕ್ಕೆ ಬಿಡುತ್ತದೆ. ಬಿಸಿಯೇರಿದಾಗ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ತಣ್ಣಗಾದಾಗ ಹಿಂದೆ ಸರಿಯುತ್ತದೆ; ಈ ಹೋಗಿಬರುವಿಕೆ ಹೆಚ್ಚಾದಷ್ಟೂ ಮರದ ಸಾರ ಹೆಚ್ಚು ಕೂಡುತ್ತದೆ. 1897ರಲ್ಲಿ ಆಫೀಸು ಹುಡುಗನಾಗಿ ಸೇರಿ ಮುಂದೆ ಇಲ್ಲಿಯ ಯಜಮಾನಿಕೆ ವಹಿಸಿದ ಆಲ್ಬರ್ಟ್ ಬ್ಲ್ಯಾಂಟನ್, ತನ್ನ ಅತಿಥಿಗಳಿಗಾಗಿ ಇದೇ ಗೋದಾಮಿನ ನಡುಭಾಗದಿಂದ ಪೀಪಾಯಿ ಆರಿಸುತ್ತಿದ್ದನೆಂದು ಭಟ್ಟಿಯವರು ಹೇಳುತ್ತಾರೆ. 1984ರಲ್ಲಿ ಮಾಸ್ಟರ್ ಡಿಸ್ಟಿಲರ್ ಎಲ್ಮರ್ ಟಿ. ಲೀ ಆ ಪದ್ಧತಿಯನ್ನೇ ಮಾರುಕಟ್ಟೆಗೆ ತಂದು ಅದಕ್ಕೆ ಬ್ಲ್ಯಾಂಟನ್ಸ್ ಎಂದು ಹೆಸರಿಟ್ಟರು. ಸಿಂಗಲ್ ಬ್ಯಾರೆಲ್ ಬರ್ಬನ್ ವ್ಯಾಪಾರದ ಸರಕಾಗಿ ನಿಂತದ್ದು ಅಲ್ಲಿಂದ. ಅದರ ಲೇಬಲ್ಲನ್ನು ಹತ್ತಿರ ಹಿಡಿದು ಓದಬೇಕು: ಪೀಪಾಯಿ ಬರಿದು ಮಾಡಿದ ತಾರೀಖು, ಪೀಪಾಯಿಯ ಸಂಖ್ಯೆ, ಗೋದಾಮಿನ ಅಕ್ಷರ, ಗೋದಾಮಿನೊಳಗಿನ ಸಾಲಿನ ಸಂಖ್ಯೆ, ಬಾಟಲಿಯ ಕ್ರಮಸಂಖ್ಯೆ. ಪ್ರತಿ ಪೀಪಾಯಿಗೂ ಒಂದು ವಿಳಾಸವಿದೆ ಎಂದು ತಯಾರಕರೇ ಒಪ್ಪಿ ಬರೆದುಕೊಟ್ಟಿದ್ದಾರೆ. ವಿಮರ್ಶೆ ಬರೆಯುವವರಲ್ಲಿ ಬಹುಮಂದಿ ಇದನ್ನು ಬಿಟ್ಟು ಬ್ರ್ಯಾಂಡಿನ ಹೆಸರು ಮಾತ್ರ ಬರೆಯುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಒಂದು ಪೀಪಾಯಿಯಿಂದ ಸಿಗುವುದು ಇನ್ನೂರು ಬಾಟಲಿಗಳ ಆಚೀಚೆ. ಆ ಇನ್ನೂರು ಮುಗಿದ ದಿನ ವಿಮರ್ಶೆಯ ವಸ್ತುವೇ ಜಗತ್ತಿನಲ್ಲಿ ಇಲ್ಲ. ಅಂಕ ಮಾತ್ರ ಅದೇ ಹೆಸರು ಹೊತ್ತ ಮುಂದಿನ ಪೀಪಾಯಿಗೆ ಅಂಟಿಕೊಂಡು ಉಳಿಯುತ್ತದೆ.

ಲಾರೆನ್ಸ್‌ಬರ್ಗ್‌ನ ವೈಲ್ಡ್ ಟರ್ಕಿಗೆ ಬಂದರೆ ವಿಳಾಸದ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ನದಿಯ ಕಡಿದಾದ ದಂಡೆಯ ಮೇಲೆ, 1889ರ ಹಳೆಯ ರೈಲು ಸೇತುವೆ ಕಾಣುವಷ್ಟು ಹತ್ತಿರದಲ್ಲಿ, ಬಹು ಅಂತಸ್ತಿನ ಮರದ ಗೋದಾಮುಗಳು ನಿಂತಿವೆ. ಮೇಲಿನ ಅಂತಸ್ತು ಬೇಸಿಗೆಯಲ್ಲಿ ಕಾದ ಒಲೆ. ಅಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಆರುತ್ತದೆ, ಹಾಗಾಗಿ ವರ್ಷ ಕಳೆದಂತೆ ಪೀಪಾಯಿಯ ಕಸುವು, ಅಂದರೆ ಮದ್ಯಸಾರದ ಪ್ರಮಾಣ, ಏರುತ್ತದೆ. ತೇವ ಹಿಡಿದ ಕೆಳ ಅಂತಸ್ತಿನಲ್ಲಿ ಕಸುವು ಇದ್ದಲ್ಲೇ ಇರುತ್ತದೆ, ಇಲ್ಲವೆ ಇಳಿಯುತ್ತದೆ. ಮೇಲಿನದರಲ್ಲಿ ಓಕ್‌ನ ಒಗರು, ಮೆಣಸಿನ ಖಾರ, ಸುಟ್ಟ ಸಕ್ಕರೆಯ ಕಹಿ ಮುಂದೆ ಬಂದರೆ ಕೆಳಗಿನದರಲ್ಲಿ ಧಾನ್ಯದ ಸಿಹಿ, ಹಣ್ಣಿನ ಕಂಪು ಉಳಿದಿರುತ್ತದೆ. 1954ರಿಂದ ಇಲ್ಲಿ ದುಡಿದ ಜಿಮ್ಮಿ ರಸೆಲ್ 1994ರಲ್ಲಿ ಕೆಂಟಕಿ ಸ್ಪಿರಿಟ್ ಎಂಬ ಸಿಂಗಲ್ ಬ್ಯಾರೆಲ್ ಹೊರತಂದಾಗ ಅದರ ಲೇಬಲ್ಲಿನ ಮೇಲೂ ಗೋದಾಮು, ಸಾಲು, ಪೀಪಾಯಿಯ ಸಂಖ್ಯೆ ಬರೆಸಿದರು. ಹವೆ ಎಷ್ಟು ದೊಡ್ಡ ಕೈ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಪುರಾವೆ ಇದೆ. ಬರ್ಬನ್‌ಗೆ ಎರಡನೇ ಸಲ ಬಳಸುವಂತಿಲ್ಲದ ಪೀಪಾಯಿಗಳು ಸಮುದ್ರ ದಾಟಿ ಅಮೃತ್ ಡಿಸ್ಟಿಲರೀಸ್‌ನಂಥ ಕಡೆ ಬರುತ್ತವೆ, ಅವುಗಳಲ್ಲಿ ಬಾರ್ಲಿಯ ಮಾಲ್ಟ್ ವಿಸ್ಕಿ ಮಾಗುತ್ತದೆ. ಕೆಂಟಕಿಯಲ್ಲಿ ದೇವತೆಗಳ ಪಾಲು ವರ್ಷಕ್ಕೆ ಶೇ. 3-5ರ ಸುಮಾರು, ಬೆಂಗಳೂರಿನಲ್ಲಿ ಅದು ಶೇ. 10 ದಾಟುತ್ತದೆ. ಮರ ಬಂದದ್ದು ಅಮೆರಿಕದಿಂದಲೇ, ಮಾಗುವ ವೇಗ ಮಾತ್ರ ಬೇರೆ. ಒಂದೇ ಗೋದಾಮಿನ ಏಳನೇ ಅಂತಸ್ತಿಗೂ ಮೊದಲನೇ ಅಂತಸ್ತಿಗೂ ನಡುವೆ ನಡೆಯುವುದು ಇದೇ, ಸಣ್ಣ ಪ್ರಮಾಣದಲ್ಲಿ.

ಅಂತಸ್ತನ್ನು ಒಪ್ಪಿದವರೂ ಮರದ ವಿಷಯದಲ್ಲಿ ಅನುಮಾನ ಪಡಬಹುದು. ಬಫಲೋ ಟ್ರೇಸ್‌ನವರು ಇದನ್ನು ಪರೀಕ್ಷೆಗೇ ಇಟ್ಟರು. ಮಿಸೌರಿಯ ಓಝಾರ್ಕ್ ಕಾಡಿನಿಂದ 96 ಓಕ್ ಮರ ಆರಿಸಿ, ಪ್ರತಿ ಮರದ ಬುಡದ ಭಾಗದಿಂದ ಒಂದು, ಮೇಲಿನ ಭಾಗದಿಂದ ಒಂದು, ಒಟ್ಟು 192 ಪೀಪಾಯಿ ಮಾಡಿಸಿದರು. ಮರದ ಎಳೆಯ ಒತ್ತು, ಹಲಗೆಗಳನ್ನು ಬಯಲಿನಲ್ಲಿ ಒಣಗಿಸಿದ ಕಾಲ, ಸುಡುವ ಮಟ್ಟ, ಧಾನ್ಯದ ಪಾಕ, ತುಂಬಿದಾಗಿನ ಕಸುವು, ಗೋದಾಮಿನ ಬಗೆ, ಮರದ ಭಾಗ ಎಂದು ಏಳು ಅಂಶಗಳನ್ನು ಬದಲಿಸುತ್ತಾ ಹೋದರು. ಎಂಟು ವರ್ಷ ಮಾಗಿಸಿ 2011ರಿಂದ 2015ರವರೆಗೆ ಕಂತುಕಂತಾಗಿ ಬಾಟಲಿಗೆ ಇಳಿಸಿ ಕುಡಿದವರ ಅಭಿಪ್ರಾಯ ಕೂಡಿಸಿದರು. ಕೊನೆಗೆ ಮೇಲೆ ಬಂದದ್ದು 80ನೇ ಪೀಪಾಯಿ: ರೈ ಧಾನ್ಯ ಸೇರಿದ ಪಾಕ, ಬುಡದ ಮರ, ಹನ್ನೆರಡು ತಿಂಗಳು ಒಣಗಿದ ಹಲಗೆ, ಶೇ. 62.5ರ ಕಸುವು, ನೆಲಕ್ಕೆ ಕಾಂಕ್ರೀಟ್ ಹಾಸಿದ ಗೋದಾಮು. ಈ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗೆದ್ದ ಪೀಪಾಯಿಯಲ್ಲ. ಒಂದೇ ಭಟ್ಟಿಯ, ಒಂದೇ ವಯಸ್ಸಿನ ವಿಸ್ಕಿಗೆ 192 ಬಗೆಯ ಉತ್ತರ ಬರಬಹುದು ಎಂದು ಒಂದು ಕಂಪನಿ ತಾನೇ ದುಡ್ಡು ಸುರಿದು ತೋರಿಸಿತಲ್ಲ, ಅದು ಮುಖ್ಯ. ಹಾಗಿದ್ದಮೇಲೆ ಆ ಭಟ್ಟಿಯ ಬರ್ಬನ್‌ಗೆ ನೂರಕ್ಕೆ ಎಷ್ಟು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಹಲಸಿನ ತೋಟಕ್ಕೆ ಹೋದವರು ಹಲಸು ಹೇಗಿದೆ ಎಂದು ಕೇಳುವುದಿಲ್ಲ, ಯಾವ ಮರದ ಹಣ್ಣು ಎಂದು ಕೇಳುತ್ತಾರೆ.

ಯಾವ ಮರದ್ದು ಎಂದು ತಿಳಿದುಕೊಂಡು ರುಚಿ ನೋಡುವುದಕ್ಕೆ ತಾಳ್ಮೆ ಬೇಕು, ಪ್ರಮಾಣ ಬಹಳ ಬೇಡ. ಬಾಯಿ ಕಿರಿದಾದ ಸಣ್ಣ ಗ್ಲಾಸಿಗೆ ಹದಿನೈದು ಮಿಲಿ ಸಾಕು. ಕುಡಿತ ಎಷ್ಟು ಮನೆಗಳನ್ನು ಹಾಳು ಮಾಡಿದೆ ಎಂಬುದು ನಮ್ಮ ಓದುಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅಮಲೇರಿದ ಕ್ಷಣಕ್ಕೆ ಅಳೆಯುವ ಕೆಲಸವೂ ಮುಗಿಯಿತು, ಆದ್ದರಿಂದ ವೃತ್ತಿಯಲ್ಲಿರುವವರು ರುಚಿ ನೋಡಿ ಉಗುಳುತ್ತಾರೆ. ಸುರಿದ ತಕ್ಷಣ ಮೂಗಿಗೆ ಬಡಿಯುವುದು ಮದ್ಯಸಾರದ ಘಾಟು, ಅದು ಇಳಿಯಲು ಹತ್ತು ನಿಮಿಷ ಬಿಡಬೇಕು. ಆಮೇಲೆ ಬಾಯಿ ತುಸು ತೆರೆದುಕೊಂಡು ಮೂಸಿದರೆ ಪದರಗಳು ಬಿಚ್ಚಿಕೊಳ್ಳುತ್ತವೆ: ಮೊದಲು ವೆನಿಲಾ, ಆಮೇಲೆ ಬೆಲ್ಲದ ಪಾಕ, ಅದರಡಿಯಲ್ಲಿ ಕಿತ್ತಳೆಯ ಸಿಪ್ಪೆ, ರೈ ಹೆಚ್ಚಿದ್ದರೆ ಚಕ್ಕೆ, ಲವಂಗ. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ತೇಲಿಬಂದರೆ ಪೀಪಾಯಿ ಇನ್ನೂ ಎಳೆಯದು ಎಂದು ಊಹಿಸಬಹುದು. ಮೊದಲ ಗುಟುಕಿನ ಸಾಕ್ಷ್ಯ ನಂಬಬಾರದು, ಅದರಲ್ಲಿ ನಾಲಿಗೆ ಉರಿಗೆ ಒಗ್ಗಿಕೊಳ್ಳುತ್ತಿರುತ್ತದೆ. ಎರಡನೆಯದನ್ನು ಬಾಯಿ ತುಂಬ ಹೊರಳಾಡಿಸಿ, ಸಿಹಿ ಎಲ್ಲಿ ನಿಂತು ಖಾರ ಎಲ್ಲಿ ಶುರುವಾಯಿತು, ಒಗರು ಒಸಡಿನ ಮೇಲೆ ಎಷ್ಟು ಹೊತ್ತು ಕೂತಿತು ಎಂದು ಗಮನಿಸಬೇಕು. ಆಮೇಲೆ ಕೆಲವು ಹನಿ ನೀರು. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದ್ದೇನೆಂದರೆ, ಹೊಗೆಯ ಕಂಪಿನ ಗ್ವಾಯಕಾಲ್ ಎಂಬ ಅಣು ಕಸುವು ಕಡಿಮೆಯಾದಾಗ ದ್ರವದ ಮೇಲ್ಮೈಗೆ ಬರುತ್ತದೆ, ಕಸುವು ಬಹಳ ಹೆಚ್ಚಿದ್ದಾಗ ಒಳಗೇ ಉಳಿಯುತ್ತದೆ. ಹಾಗಾಗಿ ನೀರು ಬೆರೆಸಿದ ಮೇಲೆ ಪೀಪಾಯಿ ಇನ್ನೊಂದು ಮುಖ ತೋರಿಸಿದರೆ ಅದು ಬರೀ ಕಲ್ಪನೆಯಲ್ಲ. ಬರಿದಾದ ಗ್ಲಾಸನ್ನು ತೊಳೆಯದೆ ಮರುದಿನ ಮೂಸುವುದೂ ಒಳ್ಳೆಯ ಅಭ್ಯಾಸ; ಮದ್ಯಸಾರ ಹಾರಿಹೋಗಿ ತಳದಲ್ಲಿ ಮರ ಮಾತ್ರ ಉಳಿದಿರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇದೆಲ್ಲ ಮೂಗಿನ ಭ್ರಮೆ; ಬೆಲೆ, ಬಾಟಲಿಯ ಅಂದ, ಗೋದಾಮಿನ ಕಥೆ ಕೇಳಿದವರ ಮನಸ್ಸು ತಾನೇ ವೆನಿಲಾ ಹುಟ್ಟಿಸಿಕೊಳ್ಳುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಕಥೆಗೆ ಮರುಳಾಗುವುದು ಮನುಷ್ಯನ ಸ್ವಭಾವ, ಇಷ್ಟು ಹೊತ್ತು ನಾನು ಹೇಳಿದ ತಗಡಿನ ಗೋದಾಮಿನ ವೃತ್ತಾಂತವೂ ಓದುಗರ ನಾಲಿಗೆಯನ್ನು ಒಂದು ಕಡೆಗೆ ವಾಲಿಸಬಲ್ಲದು. ಆದರೆ ಇದಕ್ಕೆ ಮದ್ದು ಇದೆ. ಲೇಬಲ್ ಮುಚ್ಚಿಟ್ಟು ಮೂರು ಗ್ಲಾಸು ಕೊಡುತ್ತಾರೆ, ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ; ಬೇರೆಯದನ್ನು ಗುರುತಿಸಬೇಕು. ಊಹೆಯಿಂದ ಸರಿಯಾಗುವ ಸಂಭವ ಮೂರರಲ್ಲಿ ಒಂದು, ಮತ್ತೆ ಮತ್ತೆ ಸರಿಯಾದರೆ ವ್ಯತ್ಯಾಸ ಗ್ಲಾಸಿನಲ್ಲೇ ಇದೆ ಎಂದಾಯಿತು. ಈ ತ್ರಿಕೋನ ಪರೀಕ್ಷೆ ಆಹಾರೋದ್ಯಮದಲ್ಲಿ ದಿನನಿತ್ಯ ನಡೆಯುತ್ತದೆ. ಎರಡು ಪೀಪಾಯಿಗಳ ನಡುವೆ ಭೇದ ಇದೆಯೇ ಎಂಬುದನ್ನು ಇದು ತೀರ್ಮಾನಿಸುತ್ತದೆ. ಯಾವುದು ಮೇಲು ಎಂಬುದನ್ನು ತೀರ್ಮಾನಿಸುವುದಿಲ್ಲ. ನನ್ನ ವಾದಕ್ಕೆ ಬೇಕಾದದ್ದೂ ಇಷ್ಟೇ. ಭೇದ ಹೊರಗಿನ ಸತ್ಯ, ಮೇಲು ಕೀಳು ಕುಡಿಯುವವರ ಒಲವು. ಎರಡನ್ನೂ ಒಂದೇ ಅಂಕೆಯೊಳಗೆ ತುರುಕಿದಾಗ ಭ್ರಮೆಗೆ ದಾರಿಯಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭಟ್ಟಿಯ ಒಳಗಿನಿಂದಲೇ ಬರುತ್ತದೆ. ಬ್ಲ್ಯಾಂಟನ್ಸ್‌ಗೆ ಯಾವ ಪೀಪಾಯಿ ಬೇಕಾದರೂ ಹೋಗುವುದಿಲ್ಲ. ರುಚಿ ನೋಡುವ ತಂಡ ಒಂದು ಗೊತ್ತಾದ ಹದಕ್ಕೆ ಹೊಂದುವ ಪೀಪಾಯಿಗಳನ್ನು ಮಾತ್ರ ಆರಿಸುತ್ತದೆ, ಆಮೇಲೆ ನೀರು ಸೇರಿಸಿ ಶೇ. 46.5ಕ್ಕೆ ತರುತ್ತದೆ. ಹೀಗೆ ಅಂಚುಗಳನ್ನು ಕತ್ತರಿಸಿದ ಮೇಲೆ ಉಳಿಯುವ ಭೇದ ಸಣ್ಣದು, ಆದ್ದರಿಂದ ಬ್ರ್ಯಾಂಡಿಗೆ ಅಂಕ ಕೊಟ್ಟರೆ ತಪ್ಪೇನು? ಲಾರೆನ್ಸ್‌ಬರ್ಗ್‌ನ ಇನ್ನೊಂದು ಭಟ್ಟಿ ಫೋರ್ ರೋಸಸ್ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. 1910ರಲ್ಲಿ ಸ್ಪ್ಯಾನಿಷ್ ಶೈಲಿಯಲ್ಲಿ ಕಟ್ಟಿದ, ಹಳದಿ ಗೋಡೆಯ ಈ ಭಟ್ಟಿಯವರ ಗೋದಾಮುಗಳು ಬಾರ್ಡ್ಸ್‌ಟೌನ್ ಕಡೆಯ ಕಾಕ್ಸ್ ಕ್ರೀಕ್‌ನಲ್ಲಿವೆ, ಎಲ್ಲವೂ ಒಂದೇ ಅಂತಸ್ತಿನವು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬಿಸಿಯ ವ್ಯತ್ಯಾಸ ಆದಷ್ಟು ತಗ್ಗಲೆಂದೇ ಅವರು ಹಾಗೆ ಇಟ್ಟುಕೊಂಡಿದ್ದಾರೆ. ಎರಡು ಧಾನ್ಯದ ಪಾಕ, ಐದು ಯೀಸ್ಟ್ ತಳಿ ಸೇರಿ ಅವರಲ್ಲಿ ಹತ್ತು ಪಾಕವಿಧಾನಗಳಿವೆ. 2004ರಲ್ಲಿ ಬಂದ ಅವರ ಸಿಂಗಲ್ ಬ್ಯಾರೆಲ್‌ಗೆ ಬಳಸುವುದು ಶೇ. 35 ರೈ ಇರುವ ಒಂದು ಪಾಕವನ್ನು. ಜಾಗದ ಪ್ರಭಾವವನ್ನು ಹತ್ತಿಕ್ಕಿ, ಪಾಕವನ್ನು ಸ್ಥಿರವಾಗಿಟ್ಟರೆ ಪೀಪಾಯಿಯಿಂದ ಪೀಪಾಯಿಗೆ ಅಂತರ ಕಡಿಮೆಯಾಗುತ್ತದೆ, ನಿಜ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ಹೊರಡುವ ತೀರ್ಮಾನ ಆಕ್ಷೇಪಿಸುವವರು ಹೇಳುವುದಲ್ಲ. ಅಂತರವನ್ನು ಪೂರ್ತಿ ಅಳಿಸಿದರೆ ಒಂದೇ ಪೀಪಾಯಿಯಿಂದ ತುಂಬಿಸಿದ್ದಕ್ಕೆ ಹೆಚ್ಚು ಬೆಲೆ ಕೇಳಲು ಕಾರಣವೇ ಉಳಿಯುವುದಿಲ್ಲ. ಅಂತರ ಉಳಿದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಂಕಕ್ಕೆ ಬೆಲೆಯಿಲ್ಲ. ಸಿಂಗಲ್ ಬ್ಯಾರೆಲ್ ಎಂಬ ಹೆಸರು ಹೊತ್ತ ಮೇಲೆ ಈ ಎರಡರಲ್ಲಿ ಒಂದನ್ನು ಎದುರಿಸಲೇಬೇಕು.

ಬೆರೆಸುವುದೇ ದೊಡ್ಡ ಕಲೆ ಎನ್ನುವವರೂ ಇದ್ದಾರೆ. ಇದೇ ಫೋರ್ ರೋಸಸ್‌ನವರು ಹತ್ತರಲ್ಲಿ ನಾಲ್ಕು ಪಾಕ ಕೂಡಿಸಿ ಮಾಡುವ ಸ್ಮಾಲ್ ಬ್ಯಾಚ್ ಎಷ್ಟೋ ಸಿಂಗಲ್ ಬ್ಯಾರೆಲ್‌ಗಳಿಗಿಂತ ನಯವಾಗಿರುತ್ತದೆ, ಕುಂದುಗಳನ್ನು ಮುಚ್ಚಿ ಗುಣಗಳನ್ನು ಎತ್ತುವುದು ಬೆರೆಸುವವರ ಜಾಣ್ಮೆ. ಇದರಲ್ಲಿ ನನಗೆ ತಕರಾರಿಲ್ಲ. ಬೆರೆಸಿದ್ದನ್ನು ಹದದಿಂದ ಅಳೆಯಬೇಕು, ಪ್ರತಿ ಸಲವೂ ಅದೇ ರುಚಿ ಬಂತೇ ಎಂದು ಕೇಳಬೇಕು; ಅಲ್ಲಿ ಬ್ರ್ಯಾಂಡಿಗೆ ಅಂಕ ಕೊಡುವುದು ನ್ಯಾಯವೇ. ಸಿಂಗಲ್ ಬ್ಯಾರೆಲ್‌ನಿಂದ ಆ ನಯ ನಿರೀಕ್ಷಿಸಿ, ಸಿಗದಿದ್ದಾಗ ಅಂಕ ಕಳೆಯುವುದು ಅನ್ಯಾಯ. ಒಗರು ತುಸು ಮುಂದಾದರೂ ಎಂಟು ಬೇಸಿಗೆ ಅದನ್ನು ಎಲ್ಲಿಗೆ ಒಯ್ದವು ಎಂದು ತೋರಿಸುವ ಪೀಪಾಯಿ ನನ್ನ ಮಟ್ಟಿಗೆ ಹೆಚ್ಚು ಮಾತಾಡುವ ಪೀಪಾಯಿ.

ಸಿಂಗಲ್ ಬ್ಯಾರೆಲ್ ಎಂಬುದೇ ಮಾರಾಟದ ತಂತ್ರವೆಂಬ ಮಾತಿಗೂ ಉತ್ತರ ಕೊಡಬೇಕು. ಬ್ಲ್ಯಾಂಟನ್ಸ್ ಹುಟ್ಟಿದ 1980ರ ದಶಕದಲ್ಲಿ ಅಮೆರಿಕನ್ನರು ವೋಡ್ಕಾದ ಕಡೆ ವಾಲಿದ್ದರು, ಬರ್ಬನ್ ಕೇಳುವವರು ಕಡಿಮೆಯಾಗಿದ್ದರು. ದುಬಾರಿ ಬರ್ಬನ್‌ಗೆ ಜಪಾನಿನಲ್ಲಿ ಗಿರಾಕಿಗಳಿದ್ದರು. ಒಂದೇ ಪೀಪಾಯಿ ಎಂಬ ಆಲೋಚನೆ ವ್ಯಾಪಾರ ಉಳಿಸಿಕೊಳ್ಳುವ ಉಪಾಯವೂ ಆಗಿತ್ತು. ಹುಟ್ಟಿದ ಕಾರಣ ವ್ಯಾಪಾರವಾದ ಮಾತ್ರಕ್ಕೆ ಒಳಗಿನ ವಸ್ತು ಸುಳ್ಳಾಗುವುದಿಲ್ಲ. ಆದರೆ ಇಂದು ಆ ಬಾಟಲಿಯ ಮುಚ್ಚಳದ ಮೇಲಿನ ಓಡುವ ಕುದುರೆ, ಅದರ ಬುಡದಲ್ಲಿ ಬ್ರ್ಯಾಂಡಿನ ಹೆಸರಿನ ಒಂದೊಂದು ಅಕ್ಷರ, ಎಂಟೂ ಅಕ್ಷರ ಕೂಡಿಸುವ ಹುಮ್ಮಸ್ಸು ಎಷ್ಟು ಬೆಳೆದಿದೆಯೆಂದರೆ, ಕಂಪನಿ ಸೂಚಿಸಿದ ಬೆಲೆಯ ಎರಡು ಮೂರು ಪಟ್ಟು ಕೊಟ್ಟು ಕೊಳ್ಳುವವರು ಅಕ್ಷರ ಯಾವುದು ಎಂದು ಕೇಳುತ್ತಾರೆ, ಪೀಪಾಯಿ ಯಾವುದು ಎಂದು ಕೇಳುವುದಿಲ್ಲ. ಇದು ನನಗೆ ನೋವಿನ ಸಂಗತಿ. ಲೇಬಲ್ಲಿನ ಮೇಲೆ ಅಷ್ಟು ಶ್ರದ್ಧೆಯಿಂದ ಬರೆದ ತಾರೀಖೂ ಸಾಲಿನ ಸಂಖ್ಯೆಯೂ ಯಾರೂ ಓದದ ಅಲಂಕಾರವಾಗುತ್ತಿವೆ. ಭಾರತ 2025ರ ಫೆಬ್ರುವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತು. ಬೆಂಗಳೂರಿನ ಅಂಗಡಿಗಳಿಗೆ ಈ ಬಾಟಲಿಗಳು ಹೆಚ್ಚು ಬರತೊಡಗಿದರೆ ನಮ್ಮವರು ಅಕ್ಷರಕ್ಕೆ ಬದಲು ಸಂಖ್ಯೆ ಓದುವ ಅಭ್ಯಾಸದಿಂದಲೇ ಶುರುಮಾಡಲಿ ಎಂಬುದು ನನ್ನ ಆಸೆ.

ಅಭ್ಯಾಸ ಬೆಳೆಸಿಕೊಂಡವರು ಏನು ಮಾಡುತ್ತಾರೆಂದು ನೋಡಬೇಕಾದರೆ ಪೀಪಾಯಿ ಆರಿಸುವ ಸಭೆಗಳಿಗೆ ಬರಬೇಕು. ಕೆಂಟಕಿಯ ಹಲವು ಭಟ್ಟಿಗಳು ಅಂಗಡಿ, ಹೋಟೆಲು, ಆಸಕ್ತರ ಕೂಟಗಳಿಗೆ ತಮ್ಮದೇ ಒಂದು ಪೀಪಾಯಿ ಆರಿಸಿಕೊಳ್ಳಲು ಅವಕಾಶ ಕೊಡುತ್ತವೆ. ಪೀಪಾಯಿಯ ಬಿರಡೆ ತೆಗೆದು, ತಾಮ್ರದ ಉದ್ದ ಕೊಳವೆ ಇಳಿಸಿ, ಮೇಲಿನ ತೂತನ್ನು ಹೆಬ್ಬೆರಳಿನಿಂದ ಒತ್ತಿ ಎತ್ತಿದರೆ ನೀರು ಬೆರೆಸದ ವಿಸ್ಕಿ ಗ್ಲಾಸಿಗೆ ಬರುತ್ತದೆ. ಸುಟ್ಟ ಮರದ ಇದ್ದಿಲ ಚೂರುಗಳು ಅದರಲ್ಲಿ ತೇಲುತ್ತಿರುತ್ತವೆ. ಮೂರೋ ಐದೋ ಪೀಪಾಯಿಗಳನ್ನು ಹೀಗೆ ನೋಡಿ ಒಂದನ್ನು ಆರಿಸಬೇಕು. ಫೋರ್ ರೋಸಸ್‌ನಲ್ಲಾದರೆ ಹತ್ತು ಪಾಕಗಳಲ್ಲಿ ಯಾವುದಾದರೂ ಸಿಗಬಹುದು, ವೈಲ್ಡ್ ಟರ್ಕಿಯ ರಸೆಲ್ಸ್ ರಿಸರ್ವ್ ಆದರೆ ಗೋದಾಮು, ಅಂತಸ್ತು ಎರಡೂ ಬಾಟಲಿಯ ಮೇಲೆ ಅಚ್ಚಾಗುತ್ತವೆ. ಯಾವುದು ಚೆನ್ನಾಗಿದೆ ಎಂದು ಅಲ್ಲಿ ಯಾರೂ ಒಬ್ಬರೇ ಹೇಳಿ ಮುಗಿಸುವುದಿಲ್ಲ. ಇದರ ಒಗರು ನಮ್ಮ ಗಿರಾಕಿಗೆ ಹೆಚ್ಚಾದೀತೇ, ಅದರ ಸಿಹಿ ಮಂಜುಗಡ್ಡೆ ಹಾಕಿದರೆ ನಿಂತೀತೇ, ಮೂರನೆಯದು ನೀರಿಗೆ ಹೇಗೆ ಒಲಿಯುತ್ತದೆ ಎಂದು ಚರ್ಚೆ ನಡೆಯುತ್ತದೆ. ಆರಿಸದೆ ಬಿಟ್ಟ ಪೀಪಾಯಿಗಳನ್ನು ಚೆಲ್ಲುವುದಿಲ್ಲ, ಕೆಳದರ್ಜೆಯವೆಂದು ಬದಿಗೂ ಸರಿಸುವುದಿಲ್ಲ. ಕೆಲವು ಬೆರಕೆಯ ತೊಟ್ಟಿಗೆ ಹೋಗುತ್ತವೆ, ಕೆಲವು ಮುಂದಿನ ವಾರ ಬರುವ ಇನ್ನೊಂದು ಕೂಟದ ಮುಂದೆ ನಿಲ್ಲುತ್ತವೆ, ಆ ಕೂಟ ಅವುಗಳಲ್ಲೊಂದನ್ನೇ ಮೆಚ್ಚಿ ತನ್ನ ಊರಿಗೆ ಕೊಂಡೊಯ್ಯುವುದೂ ಉಂಟು.